ಡಬ್ಬಿಯ ಹೆಸರು, ಡಬ್ಬಿಯೊಳಗಿನ ವಸ್ತು

ತಿಪಟೂರಿನ ನಿವೃತ್ತ ಉಪಾಧ್ಯಾಯರೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಒಬ್ಬಳೇ ಮಗಳು ಬಿ.ಕಾಂ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ಎಂಟು ತಿಂಗಳ ಹಿಂದೆ ಬೆಂಗಳೂರಿನ ಕಸ್ಟಮ್ಸ್ ಬ್ರೋಕರ್ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಪೀಣ್ಯದ ಸಣ್ಣ ಕಾರ್ಖಾನೆಯೊಂದು ವಿದೇಶದಿಂದ ತರಿಸಿದ 'ಪಂಪ್ ರಿಪೇರಿ ಕಿಟ್'ಗಳ ಕಾಗದಪತ್ರ ಸಿದ್ಧಪಡಿಸುವ ಕೆಲಸ ಅವಳ ಪಾಲಿಗೆ ಬಂತು. ಪಂಪಿಗೆ ಸಂಬಂಧಿಸಿದ್ದು ತಾನೇ ಎಂದು ಅವಳು ಇಡೀ ಸರಕಿಗೆ 'ಪಂಪಿನ ಬಿಡಿಭಾಗ' ಎಂಬ ಒಂದೇ ಸಂಖ್ಯೆ ಬರೆದಳು. ಕಸ್ಟಮ್ಸ್ ಅಧಿಕಾರಿ ಒಪ್ಪಲಿಲ್ಲ. ಸರಕು ಆರು ದಿನ ನಿಂತಿತು, ಡೆಮರೇಜ್ ಬಿತ್ತು, ಕಾರ್ಖಾನೆಯವರು ಬ್ರೋಕರ್ ಮೇಲೆ, ಬ್ರೋಕರ್ ಈ ಹುಡುಗಿಯ ಮೇಲೆ ರೇಗಿದರು. ದೀಪಾವಳಿಗೆ ಊರಿಗೆ ಬಂದವಳು ಮತ್ತೆ ಬೆಂಗಳೂರಿಗೆ ಹೋಗುವುದಿಲ್ಲವೆಂದು ಕುಳಿತಿದ್ದಾಳೆ.

"ಲೆಕ್ಕಶಾಸ್ತ್ರದಲ್ಲಿ ತೊಂಬತ್ತೆರಡು ಅಂಕ ತೆಗೆದ ಹುಡುಗಿ ಒಂದು ಸಂಖ್ಯೆ ಬರೆಯಲು ಎಡವಿದಳೆಂದರೆ ನನಗೆ ಅರ್ಥವಾಗುತ್ತಿಲ್ಲ. ಇದು ಅವಳಿಗೆ ಒಗ್ಗುವ ಕೆಲಸವೇ? ಅಥವಾ ಬ್ಯಾಂಕ್ ಪರೀಕ್ಷೆಗೆ ಕೂರಿಸಲೇ?" ಎಂಬುದು ತಂದೆಯ ಪ್ರಶ್ನೆ.

ಮೇಷ್ಟ್ರೇ, ಉತ್ತರ ಹೇಳುವ ಮೊದಲು ಆ ಸಂಖ್ಯೆ ಏನು, ಅದನ್ನು ಬರೆಯುವುದು ಏಕೆ ಕಷ್ಟ ಎಂಬುದನ್ನು ನೋಡೋಣ. ವಾಣಿಜ್ಯ ಓದುತ್ತಿರುವ ಇತರ ವಿದ್ಯಾರ್ಥಿಗಳಿಗೂ, ಅವರ ತಂದೆತಾಯಿಗಳಿಗೂ ಇದು ತಿಳಿದಿರುವುದು ಒಳ್ಳೆಯದು. ಏಕೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ 'ಆಮದು ಸುಂಕ' ಎಂಬುದು ಒಂದು ಪ್ಯಾರಾದಲ್ಲಿ ಮುಗಿದುಹೋಗುತ್ತದೆ.

ಸರಕಿಗೂ ಒಂದು ಪಿನ್ ಕೋಡ್

ಪಿನ್ ಕೋಡ್ ನೋಡಿದ ಅಂಚೆಯವರಿಗೆ ಪತ್ರ ಯಾವ ವಲಯದ, ಯಾವ ಜಿಲ್ಲೆಯ, ಯಾವ ಅಂಚೆ ಕಚೇರಿಗೆ ಹೋಗಬೇಕೆಂದು ತಿಳಿಯುತ್ತದೆ. ದೇಶದಿಂದ ದೇಶಕ್ಕೆ ಸಾಗುವ ಸರಕಿಗೂ ಅಂಥದೇ ಒಂದು ಸಂಖ್ಯೆ ಇದೆ. ಇದನ್ನು ರೂಪಿಸಿದ್ದು ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿರುವ, 1952ರಲ್ಲಿ ಆರಂಭವಾದ ಸಂಸ್ಥೆ. ಅದನ್ನು ಇಂದು ವಿಶ್ವ ಕಸ್ಟಮ್ಸ್ ಸಂಸ್ಥೆ ಎಂದು ಕರೆಯುತ್ತಾರೆ. ಈ ಪದ್ಧತಿಗೆ ಹಾರ್ಮೊನೈಸ್ಡ್ ಸಿಸ್ಟಂ, ಚಿಕ್ಕದಾಗಿ ಎಚ್.ಎಸ್. ಎಂದು ಹೆಸರು. 1988ರ ಜನವರಿ 1ರಂದು ಜಾರಿಗೆ ಬಂದ ಇದನ್ನು ಇಂದು 200ಕ್ಕೂ ಹೆಚ್ಚು ದೇಶಗಳು ಮತ್ತು ಆರ್ಥಿಕ ಪ್ರದೇಶಗಳು ಬಳಸುತ್ತಿವೆ.

ಜಗತ್ತಿನ ಸಮಸ್ತ ಸರಕನ್ನೂ ಇದರಲ್ಲಿ 21 ವಿಭಾಗಗಳಾಗಿ, 97 ಅಧ್ಯಾಯಗಳಾಗಿ ಹಂಚಲಾಗಿದೆ. (77ನೆಯ ಅಧ್ಯಾಯವನ್ನು ಮುಂದಿನ ಬಳಕೆಗೆಂದು ಖಾಲಿ ಬಿಟ್ಟಿದ್ದಾರೆ.) ಉದಾಹರಣೆಗೆ 8413 91 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. 84 ಎಂದರೆ ಯಂತ್ರಗಳ ಅಧ್ಯಾಯ. 8413 ಎಂದರೆ ದ್ರವ ಎತ್ತುವ ಪಂಪುಗಳ ಶೀರ್ಷಿಕೆ. ಕೊನೆಯ 91 ಎಂದರೆ ಆ ಪಂಪುಗಳ ಭಾಗಗಳು. ಈ ಆರು ಅಂಕಿಗಳು ಎಲ್ಲ ದೇಶಗಳಿಗೂ ಒಂದೇ. ಇವುಗಳ ಮುಂದೆ ಪ್ರತಿ ದೇಶವೂ ತನ್ನ ಅನುಕೂಲಕ್ಕೆ ಅಂಕಿ ಸೇರಿಸಿಕೊಳ್ಳಬಹುದು. ಭಾರತದಲ್ಲಿ ಇನ್ನೆರಡು ಅಂಕಿ ಸೇರಿ ಒಟ್ಟು ಎಂಟಾಗುತ್ತವೆ. 1975ರ ಕಸ್ಟಮ್ಸ್ ಟಾರಿಫ್ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಈ ಎಲ್ಲ ಸಂಖ್ಯೆಗಳೂ ಅವುಗಳ ಎದುರಿಗೆ ಸುಂಕದ ದರಗಳೂ ಇವೆ. ಸಂಖ್ಯೆ ಗೊತ್ತಾದರೆ ದರ ಗೊತ್ತಾಗುತ್ತದೆ. ಕಷ್ಟವಿರುವುದೆಲ್ಲ ಸಂಖ್ಯೆ ಹುಡುಕುವುದರಲ್ಲಿ.

ಐದು ವಸ್ತು, ಐದು ಮನೆ

ಈಗ ಆ ಕಿಟ್ ಬಿಚ್ಚೋಣ. ಪತ್ರದ ಪ್ರಕಾರ ಅದರಲ್ಲಿ ಐದು ಬಗೆಯ ವಸ್ತುಗಳಿದ್ದವು: ನೀರನ್ನು ತಳ್ಳುವ ಇಂಪೆಲರ್, ಶಾಫ್ಟಿನ ಬಳಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್, ಎರಡು ಬಾಲ್ ಬೇರಿಂಗು, ರಬ್ಬರಿನ ಓ-ರಿಂಗುಗಳು ಮತ್ತು ಉಕ್ಕಿನ ಬೋಲ್ಟುಗಳು. ನಮ್ಮೂರಿನ ಪಂಪ್‌ಸೆಟ್ ರಿಪೇರಿಯವನನ್ನು ಕೇಳಿದರೆ 'ಎಲ್ಲವೂ ಪಂಪಿನ ಸಾಮಾನು' ಎಂದೇ ಹೇಳುತ್ತಾನೆ. ಅವನು ಹೇಳುವುದು ತಪ್ಪಲ್ಲ. ಆದರೆ ಟಾರಿಫ್ ಹಾಗೆ ನೋಡುವುದಿಲ್ಲ.

ಯಂತ್ರಗಳು ಬರುವುದು 16ನೆಯ ವಿಭಾಗದಲ್ಲಿ. ಆ ವಿಭಾಗದ ಆರಂಭದಲ್ಲಿಯೇ ಕೆಲವು ಟಿಪ್ಪಣಿಗಳಿವೆ. ಪರೀಕ್ಷೆಗೆ ಓದುವವರು ಅಧ್ಯಾಯದ ಮೊದಲ ಪುಟ ಹಾರಿಸಿ ನೇರವಾಗಿ ಒಳಗೆ ಹೋಗುವಂತೆ, ಹೊಸಬರು ಈ ಟಿಪ್ಪಣಿಗಳನ್ನು ಹಾರಿಸಿಬಿಡುತ್ತಾರೆ. ಎಡವುವುದು ಅಲ್ಲಿಯೇ.

ಮೊದಲನೆಯ ಟಿಪ್ಪಣಿ ಯಾವುದು ಈ ವಿಭಾಗಕ್ಕೆ ಸೇರುವುದಿಲ್ಲ ಎಂದು ಹೇಳುತ್ತದೆ. ಯಂತ್ರಗಳಲ್ಲಿ ಬಳಸುವ ಮೆತ್ತನೆಯ ರಬ್ಬರಿನ ವಸ್ತುಗಳು ಇಲ್ಲಿಗೆ ಸೇರುವುದಿಲ್ಲ. ಆದ್ದರಿಂದ ಓ-ರಿಂಗು ರಬ್ಬರಿನ ಅಧ್ಯಾಯದ 4016ಕ್ಕೆ ಹೋಗುತ್ತದೆ. ಬೋಲ್ಟು, ಸ್ಕ್ರೂ, ಸ್ಪ್ರಿಂಗುಗಳಂಥ 'ಸಾಮಾನ್ಯ ಬಳಕೆಯ ಭಾಗಗಳು' ಕೂಡ ಇಲ್ಲಿಗೆ ಸೇರುವುದಿಲ್ಲ. ಉಕ್ಕಿನ ಬೋಲ್ಟಿನ ಮನೆ 7318.

ಎರಡನೆಯ ಟಿಪ್ಪಣಿ ಯಂತ್ರದ ಭಾಗಗಳನ್ನು ಕುರಿತದ್ದು. ಒಂದು ಭಾಗಕ್ಕೆ 84 ಅಥವಾ 85ನೆಯ ಅಧ್ಯಾಯದಲ್ಲಿ ಸ್ವಂತ ಶೀರ್ಷಿಕೆ ಇದ್ದರೆ, ಅದು ಯಾವ ಯಂತ್ರದೊಳಗೆ ಕುಳಿತರೂ ಸ್ವಂತ ಶೀರ್ಷಿಕೆಗೇ ಹೋಗಬೇಕು. (ಭಾಗಗಳಿಗೆಂದೇ ಇರುವ ಕೆಲವು ಶೀರ್ಷಿಕೆಗಳನ್ನು ಟಿಪ್ಪಣಿಯೇ ಹೆಸರಿಸಿ ಇದರಿಂದ ಹೊರಗಿಟ್ಟಿದೆ.) ಬಾಲ್ ಬೇರಿಂಗಿಗೆ 8482 ಇದೆ, ಮೆಕ್ಯಾನಿಕಲ್ ಸೀಲಿಗೆ 8484 ಇದೆ. ಅವು ಪಂಪಿಗೇ ಬರಲಿ, ಹಿಟ್ಟಿನ ಗಿರಣಿಗೇ ಬರಲಿ, ಸಂಖ್ಯೆ ಬದಲಾಗುವುದಿಲ್ಲ.

ಸ್ವಂತ ಶೀರ್ಷಿಕೆ ಇಲ್ಲದ, ಆದರೆ ಒಂದು ಬಗೆಯ ಯಂತ್ರಕ್ಕೆ ಮಾತ್ರ ಅಥವಾ ಮುಖ್ಯವಾಗಿ ಅದಕ್ಕೇ ಹೊಂದುವ ಭಾಗವಿದ್ದರೆ ಆಗ ಮಾತ್ರ ಅದು ಯಂತ್ರದ ಜೊತೆಗೆ ಹೋಗುತ್ತದೆ. ಇಂಪೆಲರ್ ಅಂಥದು. 8413 91 ಎಂಬ ಸಂಖ್ಯೆಗೆ ನಿಜವಾದ ಹಕ್ಕುದಾರ ಈ ಐದರಲ್ಲಿ ಅದೊಂದೇ.

ಹುಡುಗಿ ಐದೂ ವಸ್ತುಗಳನ್ನು ಇಂಪೆಲರಿನ ಮನೆಗೆ ಕಳುಹಿಸಿದ್ದಳು. ಹಾಗಾದರೆ ಅವಳು ಮಾಡಿದ್ದು ಶುದ್ಧ ತಪ್ಪೇ? ಇಲ್ಲ. ಇಲ್ಲಿ ಇನ್ನೊಂದು ಬಾಗಿಲಿದೆ.

ಕಂಪಾಸ್ ಪೆಟ್ಟಿಗೆಯ ನ್ಯಾಯ

ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಯ ಚೀಲದಲ್ಲಿಯೂ ಕಂಪಾಸ್ ಪೆಟ್ಟಿಗೆ ಇರುತ್ತದೆ. ಅಳತೆಪಟ್ಟಿ, ಕೈವಾರ, ಪೆನ್ಸಿಲ್, ಪೆನ್ಸಿಲ್ ಹೆರೆಯುವ ಮೆಂಡರ್. ಬಿಡಿಯಾಗಿ ನೋಡಿದರೆ ಅಳತೆಪಟ್ಟಿ ಮತ್ತು ಕೈವಾರ 9017, ಪೆನ್ಸಿಲ್ 9609, ಮೆಂಡರ್ 8214. ಆದರೆ ಯಾರೂ ಒಂದು ಕಂಪಾಸ್ ಪೆಟ್ಟಿಗೆಗೆ ಮೂರು ಲೆಕ್ಕ ಬರೆಯುವುದಿಲ್ಲ. ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಗಳಲ್ಲಿ ಇಂಥ ರೇಖಾಚಿತ್ರದ ಪೆಟ್ಟಿಗೆಯನ್ನೇ ಉದಾಹರಣೆಯಾಗಿ ಕೊಟ್ಟು, ಇಡೀ ಪೆಟ್ಟಿಗೆ 9017ಕ್ಕೆ ಸೇರಬೇಕೆಂದು ಹೇಳಿದೆ.

ಇದಕ್ಕೆ ಆಧಾರ ಟಾರಿಫ್‌ನ ಅರ್ಥವಿವರಣೆಯ ಆರು ಸಾಮಾನ್ಯ ನಿಯಮಗಳಲ್ಲಿ ಮೂರನೆಯದು. ಚಿಲ್ಲರೆ ಮಾರಾಟಕ್ಕೆಂದು ಒಟ್ಟುಗೂಡಿಸಿದ 'ಸೆಟ್' ಆಗಿದ್ದರೆ, ಅದಕ್ಕೆ ಮುಖ್ಯ ಸ್ವರೂಪ ಕೊಡುವ ವಸ್ತು ಯಾವುದೋ ಅದರ ಸಂಖ್ಯೆಯೇ ಇಡೀ ಸೆಟ್ಟಿಗೆ. ಸೆಟ್ ಎನ್ನಿಸಿಕೊಳ್ಳಲು ಮೂರು ಗುಣಗಳು ಬೇಕು:

1. ಬೇರೆ ಬೇರೆ ಶೀರ್ಷಿಕೆಗೆ ಸೇರಬಹುದಾದ ಎರಡಾದರೂ ವಸ್ತುಗಳಿರಬೇಕು.

2. ಅವೆಲ್ಲ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಒಂದುಗೂಡಿರಬೇಕು.

3. ಮತ್ತೆ ಪ್ಯಾಕ್ ಮಾಡದೆ ಹಾಗೆಯೇ ಬಳಕೆದಾರನ ಕೈಗೆ ಮಾರುವಂತಿರಬೇಕು.

ಪಂಪಿನ ರಿಪೇರಿ ಕಿಟ್ ಮುದ್ರಿತ ಪೆಟ್ಟಿಗೆಯಲ್ಲಿ, ಒಂದು ಪಂಪಿಗೆ ಬೇಕಾದಷ್ಟು ಭಾಗಗಳೊಂದಿಗೆ ಅಂಗಡಿಯ ಕಪಾಟಿಗೆ ಸಿದ್ಧವಾಗಿ ಬಂದಿದ್ದರೆ ಮೂರೂ ಗುಣಗಳಿವೆ ಎಂದು ವಾದಿಸಬಹುದು. ಆಗ ಮುಖ್ಯ ಸ್ವರೂಪ ಇಂಪೆಲರಿನದೋ ಸೀಲಿನದೋ ಎಂಬ ಪ್ರಶ್ನೆ ಏಳುತ್ತದೆ. ಅದೂ ತೀರ್ಮಾನವಾಗದಿದ್ದರೆ, ಪೈಪೋಟಿಯಲ್ಲಿರುವ ಸಂಖ್ಯೆಗಳಲ್ಲಿ ಕ್ರಮದಲ್ಲಿ ಕೊನೆಗೆ ಬರುವುದನ್ನು ಹಿಡಿಯಬೇಕೆಂದು ನಿಯಮವೇ ಹೇಳುತ್ತದೆ. ನಮ್ಮ ಐದರಲ್ಲಿ ಅದು ಯಾವುದು ಎಂದು ವಿದ್ಯಾರ್ಥಿಗಳು ಈಗಲೇ ಹೇಳಬಲ್ಲರು: ಸೀಲಿನ 8484.

ಇನ್ನೊಂದು ವಿಷಯ. ಕೆಲವು ಸೆಟ್‌ಗಳನ್ನು ಟಾರಿಫೇ ಹೆಸರಿಸಿ ಮನೆ ಕೊಟ್ಟಿದೆ. ಬೇರೆ ಬೇರೆ ಪದಾರ್ಥಗಳ ಗ್ಯಾಸ್ಕೆಟ್‌ಗಳನ್ನು ಒಂದು ಲಕೋಟೆಯಲ್ಲಿ ಹಾಕಿದ ಸೆಟ್ 8484ಕ್ಕೂ, ನಿಗದಿತ ಬಗೆಗಳ ಕೈ ಉಪಕರಣಗಳ ಚಿಲ್ಲರೆ ಮಾರಾಟದ ಸೆಟ್ 8206ಕ್ಕೂ ಸೇರುತ್ತವೆ. ಹೆಸರಿಸಿದ ಮನೆ ಇದ್ದಾಗ ಮೂರನೆಯ ನಿಯಮದವರೆಗೆ ಹೋಗಬೇಕಾಗಿಯೇ ಇಲ್ಲ. ಶೀರ್ಷಿಕೆಯ ಮಾತು ಮತ್ತು ಟಿಪ್ಪಣಿಗಳೇ ಮೊದಲು ಎನ್ನುವ ಒಂದನೆಯ ನಿಯಮ ಸಾಕು.

ಹಾಗಾದರೆ ಪೀಣ್ಯದ ಸರಕಿನ ಕಥೆ ಏನು? ಪತ್ರದ ಮೂರನೆಯ ಪುಟದಲ್ಲಿ ತಂದೆ ಸಹಜವಾಗಿ ಬರೆದ ಒಂದು ವಾಕ್ಯದಲ್ಲಿ ಉತ್ತರವಿದೆ. "ಪೆಟ್ಟಿಗೆ ತೆರೆದಾಗ 40 ಇಂಪೆಲರ್ ಒಂದು ಚೀಲದಲ್ಲಿ, 80 ಬೇರಿಂಗ್ ಇನ್ನೊಂದರಲ್ಲಿ, ಹೀಗೆ ಬಿಡಿಬಿಡಿಯಾಗಿ ಇದ್ದವಂತೆ." ಇನ್‌ವಾಯ್ಸ್‌ನಲ್ಲಿ '40 ರಿಪೇರಿ ಕಿಟ್' ಎಂದಿತ್ತು. ಆದರೆ ಬಂದದ್ದು ಕಿಟ್ ಅಲ್ಲ, ಮುಂದೆ ಇಲ್ಲಿ ಕಿಟ್ ಮಾಡಬೇಕಾಗಿದ್ದ ಸಾಮಾನು. ಮೂರನೆಯ ಗುಣವೇ ಇಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಅದರದೇ ಸಂಖ್ಯೆ. ಅಧಿಕಾರಿ ಕೇಳಿದ್ದು ನ್ಯಾಯವಾಗಿತ್ತು.

ಇನ್‌ವಾಯ್ಸ್‌ನ ಹೆಸರು ಸಂಖ್ಯೆಯನ್ನು ತೀರ್ಮಾನಿಸುವುದಿಲ್ಲ. ಬಂದರಿಗೆ ಬಂದಿಳಿದ ವಸ್ತು ಯಾವ ಸ್ಥಿತಿಯಲ್ಲಿದೆ ಎಂಬುದು ತೀರ್ಮಾನಿಸುತ್ತದೆ.

ಬೆಲೆಯ ಪ್ರಶ್ನೆ

'ಸಂಖ್ಯೆ ಹೇಗಿದ್ದರೇನು, ಸುಂಕ ಕಟ್ಟಿದರಾಯಿತಲ್ಲ' ಎಂದು ಕೆಲವರು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಇವನ್ನು ಉದಾಹರಣೆಯ ದರಗಳೆಂದೇ ತಿಳಿಯಿರಿ.

ಸರಕಿನ ಮೌಲ್ಯ ರೂ. 1,00,000. ಮೂಲ ಸುಂಕ ಶೇ. 7.5 ಆದರೆ ರೂ. 7,500. ಅದರ ಮೇಲೆ ಶೇ. 10ರಂತೆ ಸಮಾಜ ಕಲ್ಯಾಣ ಸರ್ಚಾರ್ಜ್ ರೂ. 750. ಇವೆಲ್ಲ ಸೇರಿದ ರೂ. 1,08,250ರ ಮೇಲೆ ಶೇ. 18ರ ಸಂಯೋಜಿತ ಜಿಎಸ್‌ಟಿ ರೂ. 19,485. ಒಟ್ಟು ರೂ. 27,735. ಮೂಲ ಸುಂಕ ಶೇ. 10 ಆದರೆ ಇದೇ ಕ್ರಮದಲ್ಲಿ 10,000, 1,000 ಮತ್ತು 19,980 ಸೇರಿ ರೂ. 30,980 ಆಗುತ್ತದೆ. ಒಂದು ಲಕ್ಷಕ್ಕೆ ರೂ. 3,245ರ ವ್ಯತ್ಯಾಸ. ಜಿಎಸ್‌ಟಿಯ ಪಾಲನ್ನು ನೋಂದಾಯಿತ ಕಾರ್ಖಾನೆ ಸಾಮಾನ್ಯವಾಗಿ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಮೂಲ ಸುಂಕ ಮತ್ತು ಸರ್ಚಾರ್ಜ್‌ನ ಹೆಚ್ಚಳವಾದ ರೂ. 2,750 ಮಾತ್ರ ಕೈಬಿಟ್ಟು ಹೋದ ಹಣವೇ. ವರ್ಷಕ್ಕೆ ಹತ್ತು ಸಲ ತರಿಸುವ ಸಣ್ಣ ಉದ್ದಿಮೆಗೆ ಇದು ಚಿಕ್ಕ ಮೊತ್ತವಲ್ಲ.

ಇಲ್ಲಿ 1962ರ ಕಸ್ಟಮ್ಸ್ ಕಾಯ್ದೆಯ 19ನೆಯ ಪ್ರಕರಣವನ್ನೂ ತಿಳಿದಿರಬೇಕು. ಒಂದು ಸೆಟ್‌ನಲ್ಲಿ ಬೇರೆ ಬೇರೆ ದರದ ವಸ್ತುಗಳಿದ್ದು, ಕಾನೂನಿನಲ್ಲಿ ಬೇರೆ ವ್ಯವಸ್ಥೆ ಇಲ್ಲದಿದ್ದರೆ, ಎಲ್ಲಕ್ಕೂ ಅತಿ ಹೆಚ್ಚಿನ ದರವೇ ಬೀಳುತ್ತದೆ. ಆದರೆ ಪ್ರತಿ ವಸ್ತುವಿನ ಬೆಲೆಗೂ ಪ್ರತ್ಯೇಕ ಪುರಾವೆ ಕೊಟ್ಟರೆ ಅದರದರ ದರವೇ ಅದಕ್ಕೆ. ಕಳುಹಿಸುವವರಿಂದ ಬಿಡಿ ಬೆಲೆಯ ಪಟ್ಟಿ ತರಿಸಿಕೊಳ್ಳುವುದು ಒಂದು ಪತ್ರದ ಕೆಲಸ. ಅದನ್ನು ಮಾಡದಿದ್ದರೆ ರಬ್ಬರ್ ರಿಂಗಿನ ದರಕ್ಕೆ ಇಂಪೆಲರೂ ತೆರಬೇಕಾದೀತು, ಅಥವಾ ಇಂಪೆಲರಿನ ದರಕ್ಕೆ ರಿಂಗು.

ಇದೇ ಪ್ರಕರಣಕ್ಕೆ ಹೊಂದಿಕೊಂಡು 1963ರ ನಿಯಮಗಳಿವೆ. ಬಿಡಿಭಾಗಗಳು ಮತ್ತು ರಿಪೇರಿ ಸಲಕರಣೆಗಳು ಯಂತ್ರದ ಜೊತೆಯಲ್ಲಿಯೇ ಬಂದು, ವ್ಯಾಪಾರದ ವಾಡಿಕೆಯಲ್ಲಿ ಅವುಗಳನ್ನು ಕಡ್ಡಾಯವಾಗಿ ಕೊಡುವುದಾಗಿದ್ದು, ಅವುಗಳಿಗೆ ಪ್ರತ್ಯೇಕ ಬೆಲೆ ಹಾಕದೆ ಯಂತ್ರದ ಬೆಲೆಯಲ್ಲಿಯೇ ಸೇರಿಸಿದ್ದರೆ, ಅವುಗಳಿಗೂ ಯಂತ್ರದ ದರವೇ. ಅಂದರೆ ಅದೇ ಐದು ವಸ್ತು ಪಂಪಿನ ಜೊತೆ ಬಂದರೆ ಒಂದು ಲೆಕ್ಕ, ಸಿದ್ಧ ಪೆಟ್ಟಿಗೆಯಲ್ಲಿ ಬಂದರೆ ಇನ್ನೊಂದು, ಚೀಲಗಳಲ್ಲಿ ಬಂದರೆ ಮತ್ತೊಂದು.

ಹಿರಿಯರೂ ಒಪ್ಪದ ಸಂಗತಿ

ಇದು ಅನನುಭವಿಗಳ ಗೊಂದಲ ಮಾತ್ರವೆಂದು ತಿಳಿಯಬೇಡಿ. ರೈಲ್ವೆ ಸಿಗ್ನಲ್ಲಿಗೆಂದೇ ತಯಾರಾದ ರಿಲೇಗಳು ವಿದ್ಯುತ್ ರಿಲೇಗಳ 8536ಕ್ಕೆ ಸೇರಬೇಕೆ, ರೈಲ್ವೆ ಸಿಗ್ನಲ್ ಸಾಧನಗಳ 8608ಕ್ಕೆ ಸೇರಬೇಕೆ ಎಂಬ ಅಬಕಾರಿ ಸುಂಕದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಮಾರ್ಚ್‌ನಲ್ಲಿ ನ್ಯಾಯಾಲಯ ಅವುಗಳ ಬಳಕೆ ರೈಲ್ವೆ ಸಿಗ್ನಲ್ಲಿಗೆ ಮಾತ್ರ ಎಂಬುದನ್ನು ಮುಖ್ಯವಾಗಿ ಹಿಡಿದು ತಯಾರಕರ ಪರವಾಗಿ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ವಾಹನಗಳ ಬಿಡಿಭಾಗಗಳ ಬಗ್ಗೆ ಹೊಸ ಪ್ರಶ್ನೆಗಳೆದ್ದವು. 2022ರ ಜನವರಿಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿ ತನ್ನ ಅಧಿಕಾರಿಗಳಿಗೆ, ವಿಭಾಗ ಟಿಪ್ಪಣಿಗಳನ್ನೂ ಇತರ ತೀರ್ಪುಗಳನ್ನೂ ನೋಡಿಯೇ ಮುಂದುವರಿಯುವಂತೆ ಸೂಚನೆ ಕಳುಹಿಸಬೇಕಾಯಿತು. ದೊಡ್ಡ ವಕೀಲರೂ ಹಿರಿಯ ಅಧಿಕಾರಿಗಳೂ ಒಮ್ಮತಕ್ಕೆ ಬಾರದ ವಿಷಯದಲ್ಲಿ ಎಂಟು ತಿಂಗಳ ಅನುಭವದ ಹುಡುಗಿ ಎಡವಿದರೆ ತಲೆ ತಗ್ಗಿಸಬೇಕಾದ್ದೇನಿದೆ?

ಆದರೆ ಎಚ್ಚರಿಕೆ ಅಗತ್ಯ. 2011ರಿಂದ ನಮ್ಮಲ್ಲಿ ಸ್ವಯಂ ನಿರ್ಧಾರ ಪದ್ಧತಿ ಇದೆ. ಸಂಖ್ಯೆ ಮತ್ತು ಸುಂಕವನ್ನು ಆಮದುದಾರನೇ ತಿಳಿಸಬೇಕು. ಅಧಿಕಾರಿ ಅದನ್ನು ಪರಿಶೀಲಿಸುತ್ತಾನೆ. ಸುಂಕ ಕಡಿಮೆ ಕಟ್ಟಿದ್ದು ನಂತರ ತಿಳಿದರೆ ಸಾಮಾನ್ಯವಾಗಿ ಎರಡು ವರ್ಷದೊಳಗೆ, ಬೇಕೆಂದೇ ಮುಚ್ಚಿಟ್ಟದ್ದೆಂದಾದರೆ ಐದು ವರ್ಷದೊಳಗೆ ನೋಟಿಸು ಬರಬಹುದು. ಸಂದೇಹವಿದ್ದವರು ಸರಕು ತರಿಸುವ ಮೊದಲೇ ಮುಂಗಡ ತೀರ್ಪು ಕೇಳಲು ದೆಹಲಿ ಮತ್ತು ಮುಂಬೈಯಲ್ಲಿ ಪ್ರಾಧಿಕಾರಗಳಿವೆ. ಒಂದು ರೀತಿಯಲ್ಲಿ, ಆರು ದಿನದ ಡೆಮರೇಜಿನಲ್ಲಿ ಮುಗಿದದ್ದು ಆ ಕಾರ್ಖಾನೆಯ ಅದೃಷ್ಟ. ಮೂರು ವರ್ಷ ಹೀಗೆಯೇ ನಡೆದು ಒಂದು ದಿನ ನೋಟಿಸು ಬಂದಿದ್ದರೆ ನಷ್ಟ ದೊಡ್ಡದಾಗುತ್ತಿತ್ತು.

ಈ ದಾರಿಯಲ್ಲಿ ಮುಂದೇನಿದೆ?

ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ದುಡಿಯುವವರು ಇಲಾಖೆ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ 'ಜಿ' ಕಾರ್ಡ್ ಸಿಗುತ್ತದೆ. 2018ರ ಲೈಸೆನ್ಸಿಂಗ್ ನಿಯಮಗಳ ಪ್ರಕಾರ, ಪದವೀಧರರು ಜಿ ಕಾರ್ಡ್‌ದಾರರಾಗಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿದ್ದರೆ ಸ್ವತಂತ್ರ ಬ್ರೋಕರ್ ಆಗುವ ಪರೀಕ್ಷೆಗೆ ಅರ್ಜಿ ಹಾಕಬಹುದು. ಎಂ.ಬಿ.ಎ., ಸಿ.ಎ., ಎಲ್‌ಎಲ್.ಬಿ. ಮಾಡಿದವರಿಗೆ ಬೇರೆ ದಾರಿಯೂ ಇದೆ. ಪರೀಕ್ಷೆಯಲ್ಲಿ ಲಿಖಿತ, ಮೌಖಿಕ ಎರಡೂ ಇವೆ. ಅರ್ಹತೆಯ ವಿವರವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಸರ್ಕಾರಿ ಕೆಲಸವೇ ಬೇಕೆನ್ನುವವರಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವಿ ಮಟ್ಟದ ಪರೀಕ್ಷೆಯ ಮೂಲಕ ಕಸ್ಟಮ್ಸ್ ಎಕ್ಸಾಮಿನರ್ ಹುದ್ದೆಯೂ, ಯು.ಪಿ.ಎಸ್.ಸಿ. ಮೂಲಕ ಭಾರತೀಯ ಕಂದಾಯ ಸೇವೆಯೂ ಇವೆ. ಪಣಂಬೂರಿನ ಬಂದರು, ಬೆಂಗಳೂರಿನ ವಿಮಾನ ನಿಲ್ದಾಣದ ಸರಕು ಸಂಕೀರ್ಣ, ವೈಟ್‌ಫೀಲ್ಡಿನ ಒಣ ಬಂದರು, ಇವೆಲ್ಲ ಈ ವಿದ್ಯೆ ಬಲ್ಲವರಿಗೆ ಕೆಲಸವಿರುವ ಜಾಗಗಳು.

ಈ ಕೆಲಸಕ್ಕೆ ಬಾಯಿಪಾಠ ಸಾಲದು. ರಬ್ಬರು ಮೆತ್ತಗಿದೆಯೋ ಗಟ್ಟಿಯೋ ಎಂದು ಕೇಳುವ ರಸಾಯನಶಾಸ್ತ್ರ ಬೇಕು, ಬೇರಿಂಗ್ ಎಲ್ಲಿ ಕೂರುತ್ತದೆ ಎಂದು ನೋಡುವ ಕುತೂಹಲ ಬೇಕು, ಟಿಪ್ಪಣಿಯ 'ಮಾತ್ರ', 'ಅಥವಾ', 'ಹೊರತು' ಎಂಬ ಪದಗಳ ಬಳಿ ನಿಲ್ಲುವ ತಾಳ್ಮೆ ಬೇಕು. ವಾಣಿಜ್ಯದವರು ವಿಜ್ಞಾನವನ್ನು, ವಿಜ್ಞಾನದವರು ಕಾನೂನನ್ನು ದೂರವಿಡುವ ಅಭ್ಯಾಸವನ್ನು ಈ ಕೆಲಸ ಬಿಡಿಸುತ್ತದೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಈಗ ಉತ್ತರ. ನಿಮ್ಮ ಮಗಳನ್ನು ಬ್ಯಾಂಕ್ ಪರೀಕ್ಷೆಗೆ ಕೂರಿಸುವುದರಲ್ಲಿ ತಪ್ಪಿಲ್ಲ. ಅದು ಅವಳ ಇಷ್ಟವಾಗಿದ್ದರೆ. ಆದರೆ ಈ ಒಂದು ಸೋಲಿನಿಂದ ಓಡಿಹೋಗುವುದಕ್ಕಾಗಿ ಬೇಡ. ತಪ್ಪು ಅವಳೊಬ್ಬಳದೂ ಅಲ್ಲ. ಹೊಸಬಳು ಬರೆದ ಬಿಲ್ ಆಫ್ ಎಂಟ್ರಿಯನ್ನು ಹಿರಿಯರೊಬ್ಬರು ನೋಡಬೇಕಿತ್ತು. ಅವಳಿಗೆ ಮೂರು ಪ್ರಶ್ನೆಗಳನ್ನು ಬರೆದುಕೊಡಿ, ಮೇಜಿನ ಮುಂದೆ ಅಂಟಿಸಿಕೊಳ್ಳಲಿ: ಪೆಟ್ಟಿಗೆಯೊಳಗೆ ಏನೇನಿದೆ? ಅದು ಹೇಗೆ ಪ್ಯಾಕ್ ಆಗಿದೆ? ಪ್ರತಿಯೊಂದರ ಬೆಲೆ ಎಷ್ಟು? ಪ್ಯಾಕಿಂಗ್ ಪಟ್ಟಿಯನ್ನು ತರಿಸಿ ಈ ಮೂರಕ್ಕೆ ಉತ್ತರ ಬರೆದುಕೊಂಡ ಮೇಲೆ ಟಾರಿಫ್ ತೆರೆಯಲಿ. ತೆರೆದಾಗ ಮೊದಲು ಟಿಪ್ಪಣಿ ಓದಲಿ.

ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಒಂದು ದಿನ ಅವಳನ್ನು ನಿಮ್ಮೂರಿನ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿ. ಬಿಚ್ಚಿದ ಪಂಪಿನ ಮುಂದೆ ಅರ್ಧ ಗಂಟೆ ಕುಳಿತು, ಯಾವುದು ಇಂಪೆಲರು, ಯಾವುದು ಸೀಲು ಎಂದು ಕೈಯಲ್ಲಿ ಹಿಡಿದು ನೋಡಲಿ. ಕಚೇರಿಯ ಕಾಗದದಲ್ಲಿ ಅವಳಿಗೆ ಕಾಣದೇ ಹೋದದ್ದು ಅದೇ.